ಹೊರಗೆ ಬಂದ ಗಂಗಾಳ

ನನ್ನ ಕೆಲಸದ ಗುಟ್ಟು ಇಷ್ಟೇ: ಮೊದಲು ಉಣ್ಣಬೇಕು, ಆಮೇಲೆ ಹೇಳಬೇಕು. ತರಬೇತಿಯಲ್ಲಿ ಇದನ್ನು ಕಲಿಸುವುದಿಲ್ಲ. ಅಲ್ಲಿ ಕೊಡುವುದು ಬಣ್ಣದ ಚಿತ್ರಗಳನ್ನು. ಮುಟ್ಟಿದರೆ ಎಚ್‌ಐವಿ ಬರುವುದಿಲ್ಲ, ಕೂಡಿ ಉಂಡರೆ ಬರುವುದಿಲ್ಲ ಎಂದು ಚಿತ್ರ ತೋರಿಸಿದರೆ ಜನ ತಲೆಯಾಡಿಸುತ್ತಾರೆ. ನಾನು ಎದ್ದು ಹೋದ ಮೇಲೆ ಕೂತ ಜಾಗ ತೊಳೆಯುತ್ತಾರೆ. ಅದಕ್ಕೇ ನಾನು ಊಟದ ಹೊತ್ತು ನೋಡಿಕೊಂಡು ಹೋಗುತ್ತೇನೆ. ಹೊಟ್ಟೆ ತುಂಬ ಉಂಡು, ಕೈ ತೊಳೆದು, ನನಗೂ ಇದೆ ಎನ್ನುತ್ತೇನೆ. ಕೆಲವರು ಜಗಳಕ್ಕೆ ಬರುತ್ತಾರೆ, ಕೆಲವರು ಪ್ರಶ್ನೆ ಕೇಳುತ್ತಾರೆ. ಜಗಳವಾದರೂ ಆಗಲಿ, ಮಾತು ಶುರುವಾದರೆ ನನಗೆ ಸಾಕು.

ಯಾದಗಿರಿಯಲ್ಲಿ ಡಿಸೆಂಬರಿನ ಏಡ್ಸ್ ದಿನದ ಸಭೆಗಳಲ್ಲಿ ನನ್ನಂಥವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ಧೈರ್ಯವಂತೆಯರು ಎನ್ನುತ್ತಾರೆ. ಆಮೇಲೆ ಚಹಾ ಬರುತ್ತದೆ. ಅವರಿಗೆ ಪಿಂಗಾಣಿ ಕಪ್ಪು, ನಮಗೆ ಮಾತ್ರ ಕಾಗದದ್ದು. ಸುರಪುರದ ನನ್ನ ತಮ್ಮನ ಮನೆಯಲ್ಲಿ ನನ್ನ ಚೊಂಬು ಇಂದಿಗೂ ಬಚ್ಚಲ ಗೂಡಿನಲ್ಲಿದೆ. ಊರವರಿಗೆಲ್ಲ ಬುದ್ಧಿ ಹೇಳಿ ಬಂದು ಆ ಚೊಂಬಿನಲ್ಲೇ ನೀರು ಕುಡಿಯುತ್ತೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಎಚ್‌ಐವಿ ಗುಳಿಗೆ ಒಯ್ಯಲು ಶಹಾಪುರದ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಗೋಗಿಯ ಆಚೆಗಿನ ಹಳ್ಳಿಯವಳೊಬ್ಬಳಿದ್ದಳು. ಎಳೆಯ ಹುಡುಗಿ, ಆಗಲೇ ಗಂಡನನ್ನು ಕಳೆದುಕೊಂಡಿದ್ದಳು. ರೋಗ ಬಂದದ್ದು ಗಂಡನಿಂದ. ಅತ್ತೆ ಮಾತ್ರ, ತನ್ನ ಮಗನನ್ನು ಸೊಸೆಯೇ ತಿಂದಳು ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಅದು ಸತ್ತ ಮೇಲಂತೂ ಇನ್ನೂ ಮುದ್ದು. ಸೊಸೆಯ ಊಟ, ನಿದ್ದೆ ಎಲ್ಲ ಆಡಿನ ಕೊಟ್ಟಿಗೆಯಲ್ಲಿ. ಒಬ್ಬಳು ಮಗಳಿದ್ದಳು, ಇನ್ನೂ ಶಾಲೆಗೆ ಹೋಗದವಳು. ಪರೀಕ್ಷೆಯಲ್ಲಿ ಮಗುವಿಗೆ ಏನೂ ಇಲ್ಲ ಎಂದು ಬಂದಿತ್ತು. ಅಂದಿನಿಂದ ಅಜ್ಜಿ ಮಗುವನ್ನು ತಾಯಿಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

“ಅಕ್ಕಾ, ಗುಳಿಗಿ ನಾ ದಿನಾ ನುಂಗ್ತೀನ್ರಿ,” ಎಂದಳು ಒಮ್ಮೆ. “ನನ್ನ ಕೂಸಿಗಿ ಒಂದ್ ತುತ್ತು ನನ್ನ ಕೈಲೆ ಹಾಕೋಹಂಗ ಮಾಡ್ರಿ. ಮತ್ತೇನೂ ಬ್ಯಾಡ.”

ಶೇರ್ ಆಟೊ ಹಿಡಿದು ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ಹೆಗಲ ಮೇಲಿನ ಚೀಲ ಕಂಡ ಅತ್ತೆ ನನ್ನನ್ನು ಆಫೀಸಿನ ಅಕ್ಕೋರು ಎಂದುಕೊಂಡಳು. ಗೋಡೆಯ ಮೇಲಿನ ಬುದ್ಧನ ಫೋಟೊದ ಕೆಳಗೆ ಚಾಪೆ ಹಾಸಿದಳು. ತವರಿನಿಂದ ತಂದಿದ್ದ ಕಂಚಿನ ಗಂಗಾಳವನ್ನು, ಬೀಗರು ಬಂದಾಗ ಮಾತ್ರ ಕೆಳಗಿಳಿಸುವ ಆ ಊಟದ ತಟ್ಟೆಯನ್ನು, ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ನಾನೂ ಅವರ ಮಂದಿಯವಳೇ ಎಂದು ತಿಳಿದ ಮೇಲಂತೂ ಅವಳಿಗೆ ಮಾತು ಉಕ್ಕಿ ಬಂತು. ಎಳೆತನದಲ್ಲಿ ಊರ ಹೋಟೆಲಿನ ಹೊರಗೆ ನಿಂತು, ನಮ್ಮ ದಲಿತರ ಓಣಿಯವರಿಗೆಂದೇ ಗೋಡೆಯ ಸಂದಿನಲ್ಲಿಟ್ಟ ಬೇರೆ ಕಪ್ಪಿನಲ್ಲಿ ಚಹಾ ಕುಡಿದದ್ದನ್ನು ಹೇಳಿದಳು. ಕುಡಿದ ಮೇಲೆ ತಾನೇ ತೊಳೆದಿಡಬೇಕಿತ್ತಂತೆ. ಈ ಸಂಕಟ ಬಲ್ಲವಳಿಗೆ ನನ್ನ ಮಾತು ತಿಳಿಯದೆ ಹೋದೀತೇ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಕೈ ತೊಳೆದು ಬಂದು ಹೇಳಿದೆ: “ಯವ್ವಾ, ನಿಮ್ಮ ಸೊಸಿಗಿ ಇದ್ದದ್ದೇ ನನಗೂ ಅದ. ಈಗ ನಿಮ್ಮ ಗಂಗಾಳದಾಗೇ ಉಂಡೀನಿ. ಅದರಿಂದ ಯಾರಿಗೂ ಏನೂ ಆಗಂಗಿಲ್ಲ. ಕೂಸಿಗಿ ಅವ್ವನ ಕೈಲೆ ಉಣ್ಲಿಕ್ಕ ಬಿಡ್ರಿ.”

ಅವಳು ಬೈಯಲಿಲ್ಲ, ಏನೂ ಕೇಳಲಿಲ್ಲ. ಗಂಗಾಳದ ಕಡೆ ನೋಡಿದಳು. “ಮದ್ಲ ಹೇಳ್ಬೇಕಿತ್ತಲ್ರಿ ಅಕ್ಕೋರ,” ಎಂದಳು, ಅಷ್ಟೇ ಮರ್ಯಾದೆಯಿಂದ. ಬಾಗಿಲತನಕ ಬಂದು ಕಳಿಸಿದಳು. ಜಗಳವಾಗಲಿಲ್ಲವೆಂದು ನಾನು ಗೆದ್ದೆನೆಂದುಕೊಂಡೆ. ಶಹಾಪುರದವರೆಗೂ ಆಟೊದಲ್ಲಿ ಖುಷಿಯಾಗಿಯೇ ಕೂತಿದ್ದೆ.

ಮುಂದಿನ ತಿಂಗಳು ಗುಳಿಗೆಗೆ ಬಂದ ಸೊಸೆ, ಮನೆಗೆ ಬರ್ರಿ, ಊಟಕ್ಕೇ ಬರ್ರಿ ಎಂದಳು. ಹೋದೆ. ಅತ್ತೆ ಈ ಸಲ ಒಳಗೆ ಕರೆಯಲಿಲ್ಲ, ಹೊರಗೂ ಬರಲಿಲ್ಲ. ಸೊಸೆ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದಳು. ಆಡುಗಳ ಆಚೆ, ಅವಳ ಸೊಟ್ಟ ಅಲ್ಯೂಮಿನಿಯಂ ತಾಟಿನ ಪಕ್ಕದಲ್ಲಿ, ಆ ಕಂಚಿನ ಗಂಗಾಳ ಕೂತಿತ್ತು.

“ಬೂದಿ ಹಚ್ಚಿ ತಿಕ್ಕಿದಳ್ರಿ, ಒಲ್ಯಾಗ ಹಾಕಿ ಸುಟ್ಟಳು. ಆದ್ರೂ ಮನಸ್ಸು ಒಪ್ಪಲಿಲ್ಲ ಆಕಿಗಿ,” ಎಂದು ಸೊಸೆ ನಕ್ಕಳು. “ಇರ್ಲಿ ಬಿಡ್ರಿ ಅಕ್ಕಾ. ನೀವು ಬಂದ್ರ ಹಾಕ್ಲಿಕ್ಕ ಒಂದು ತಾಟು ಆತು.”

ನನಗೆ ಮೈ ಉರಿಯಿತು. ಒಳಗೆ ನುಗ್ಗಿ ಆ ಮುದುಕಿಗೆ ಹೋಟೆಲಿನ ಕಪ್ಪನ್ನು ನೆನಪಿಸಬೇಕೆನ್ನಿಸಿತು. ಹಾಗೆ ಮಾಡಿದರೆ ಸೊಸೆಗೆ ಈ ಕೊಟ್ಟಿಗೆಯೂ ಉಳಿಯುವುದಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ. ಅವಳು ಗಂಗಾಳದಲ್ಲಿ ನನಗೆ ರೊಟ್ಟಿ ಇಟ್ಟಳು, ತನ್ನ ತಾಟಿನಲ್ಲಿ ತಾನು ಇಟ್ಟುಕೊಂಡಳು. ಅಷ್ಟರಲ್ಲಿ ಮಗು ಹಿಂಬಾಗಿಲ ಹೊಸ್ತಿಲಿಗೆ ಬಂದು ನಿಂತಿತು. ಕೈಯಲ್ಲಿ ಪುಟ್ಟ ಸ್ಟೀಲಿನ ತಾಟು. ನಮ್ಮಿಬ್ಬರ ತಾಟುಗಳನ್ನು ನೋಡಿತು.

“ಯವ್ವಾ, ನನ್ನ ತಾಟು ಯಾವಾಗ ಹೊರಗ ಬರ್ತದ?”

ಒಳಗಿನಿಂದ ಅಜ್ಜಿ ಕರೆದಳು. ಮಗು ಹೋಯಿತು. ನಾವಿಬ್ಬರೂ ತಲೆ ತಗ್ಗಿಸಿ ಉಂಡೆವು. ಉಂಡ ಮೇಲೆ ಹೇಳುವುದಕ್ಕೆ ಆ ದಿನ ನನ್ನ ಹತ್ತಿರ ಏನೂ ಇರಲಿಲ್ಲ.