ಫಕೀರವ್ವನ ಕೆಂಪು ಮುಖ

ಇವತ್ತು ಬೆಳಿಗ್ಗೆ ಪಕ್ಕದ ಮನೆ ಮಾಬೂಬಿ ಓಡಿ ಬಂದಳು. "ಯವ್ವಾ, ಒಂದ ಪಾರಿವಾಳ ಕೊಡ್ರಿ, ಲಗೂನ! ನಮ್ಮ ಮನಿಯವರ ಬಾಯಿ ಸೊಟ್ಟಾಗೇತಿ." ನಮ್ಮ ಕಡೆ ಲಕ್ವಾ ಹೊಡೆದರೆ ಪಾರಿವಾಳ ಕೊಯ್ದು ಅದರ ಬಿಸಿ ರಕ್ತವನ್ನು ಮೈಗೆ ತಿಕ್ಕುತ್ತಾರೆ. ನಮ್ಮ ಹಿತ್ತಲಲ್ಲಿ ನನ್ನ ಅಳಿಯ ಸಾಕಿದ ಪಾರಿವಾಳಗಳಿವೆ. ಅವಳು ಕೇಳಿದ್ದೇ ತಡ, ಆರು ವರ್ಷದ ಹಿಂದಿನ ರಕ್ತದ ವಾಸನೆ ಮೂಗಿಗೆ ಬಂತು.

ನನ್ನ ತಂಗಿ ಫಕೀರವ್ವನ ಮುಖ ಆಗ ಹಣ್ಣು ಮೆಣಸಿನಕಾಯಿಯಂತೆ ಕೆಂಪಗಿತ್ತು. ಬಿಸಿನೀರು ಮೈಮೇಲೆ ಬಿದ್ದರೆ ಸಾಕು, ಗಂಟೆಗಟ್ಟಲೆ ತುರಿಸಿಕೊಳ್ಳುತ್ತಿದ್ದಳು.

"ಬೆರಳು ಉರೀತಾವ ಯಕ್ಕಾ."

"ರೊಟ್ಟಿ ಬಡಿಯೋ ಬೆರಳು ಉರೀದ ತಣ್ಣಗಿರ್ತಾವೇನ?" ಎಂದು ನಾನು ನಗುತ್ತಿದ್ದೆ.

ಓಣಿಯ ಹೆಂಗಸರಿಗೆ ಆ ಕೆಂಪಿನ ಮೇಲೆ ಹೊಟ್ಟೆಕಿಚ್ಚು. ರಕ್ತ ಕಡಿಮೆಯಾದರೆ ಗುಳಿಗೆ ಕೊಡುತ್ತಾರೆ, ಹೆಚ್ಚಾದರೂ ರೋಗವೆಂದು ನಮಗೆ ಯಾವ ಪುಣ್ಯಾತ್ಮ ಹೇಳಿದ್ದ? ನೀವೇ ಹೇಳಿ. ಇನ್ನಷ್ಟು ಕೆಂಪಾಗಲೆಂದು ನಾನು ಬೀಟ್‌ರೂಟ್ ಪಲ್ಯ ಬೇರೆ ತಿನ್ನಿಸಿದೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳ ಬಲಗೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ತುಟಿ ಜಾರಿತು. ಅಳಿಯ ಗಾಡಿ ತಂದು, "ಹುಬ್ಬಳ್ಳಿಗೆ ಹೋಗೂಣ ನಡೀರಿ" ಎಂದ. ನಾನು ಹಿರಿಯಳಲ್ಲವೇ, ನನ್ನದೇ ನಡೆಯಬೇಕು! "ಮೊದಲ ಪಾರಿವಾಳ, ಆಮ್ಯಾಲ ಹುಬ್ಬಳ್ಳಿ" ಎಂದೆ. ಓಣಿಯೆಲ್ಲ ತಲೆಯಾಡಿಸಿತು. ಹಕ್ಕಿ ಹಿಡಿದವಳು ನಾನು, ತಿಕ್ಕಿದವಳು ನಾನು. ಫಕೀರವ್ವ ತೊದಲಿದಳು, "ಬ್ಯಾಡ... ಬ್ಯಾಡ."

"ನಿನಗೇನ ತಿಳೀತೈತಿ, ಸುಮ್ನ ಬೀಳ" ಎಂದು ಗದರಿದೆ. ಸಂಜೆಯವರೆಗೆ ತಿಕ್ಕಿದೆ.

ರಾತ್ರಿ ಹುಬ್ಬಳ್ಳಿ ಆಸ್ಪತ್ರೆ ಮುಟ್ಟಿದ ಮೇಲೆ ಗೊತ್ತಾಯಿತು, ಮೂಳೆಯೊಳಗೆ ಕೆಂಪು ಕಣ ಮಿತಿಮೀರಿ ಹುಟ್ಟುವ ಅಪರೂಪದ ರೋಗವಂತೆ. ರಕ್ತ ಗಟ್ಟಿಯಾಗಿ, ಹೆಪ್ಪುಗಟ್ಟಿ, ಮೆದುಳಿನ ನಾಳವನ್ನೇ ಮುಚ್ಚಿತ್ತು. "ಬಾಯಿ ಸೊಟ್ಟಾದ ಕೂಡಲೇ ಬರಬೇಕಿತ್ತಲ್ಲಮ್ಮಾ, ಇಡೀ ದಿನ ಏನ್ ಮಾಡಿದ್ರಿ?" ಎಂದರು ಡಾಕ್ಟರು. ನನ್ನ ಉಗುರಿನಲ್ಲಿ ರಕ್ತವಿತ್ತು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಊರಿಗೆಲ್ಲ ಮದ್ದು ಗೊತ್ತು, ರೋಗ ಯಾವುದೆಂದು ಒಬ್ಬರಿಗೂ ಗೊತ್ತಿಲ್ಲ. ಈಗ ಮತ್ತೆ ಗಟ್ಟಿಯಾಗದಿರಲೆಂದು ಆಗಾಗ ಆಸ್ಪತ್ರೆಯಲ್ಲಿ ಅವಳ ಹೆಚ್ಚಿನ ರಕ್ತ ತೆಗೆಸಿಕೊಂಡು ಬರುತ್ತೇವೆ. ಬಲಗೈ ಏಳಲಿಲ್ಲ. ಇದ್ದ ಮಾತುಗಳಲ್ಲಿ ಉಳಿದದ್ದು ಒಂದೇ: ಬ್ಯಾಡ. ಹಸಿದರೂ ಬ್ಯಾಡ, ನಕ್ಕರೂ ಬ್ಯಾಡ. ನನ್ನನ್ನು ಚುಚ್ಚಲೆಂದೇ ದೇವರು ಅದನ್ನು ಉಳಿಸಿದನೋ ಏನೋ.

ಮಾಬೂಬಿ ಆಗಲೇ ಗೂಡಿಗೆ ಕೈ ಹಾಕಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹೊರಸಿನ ಮೇಲೆ ಮಲಗಿದ್ದ ಫಕೀರವ್ವ ಚೀರಿದಳು, "ಬ್ಯಾಡ!"

ಈ ಸಲ ಕೇಳಿದೆ. "ಹಕ್ಕಿ ಬಿಡ ಹುಚ್ಚಿ, ಗಂಡನ್ನ ಗಾಡಿ ಹತ್ತಸ!" ಎಂದು ಮಾಬೂಬಿಯ ರಟ್ಟೆ ಹಿಡಿದು ಎಳೆದೊಯ್ದೆ. ಅವರ ಗಾಡಿ ಹುಬ್ಬಳ್ಳಿ ರಸ್ತೆ ಹಿಡಿದ ಮೇಲೆ ಬಂದು ಗೂಡಿನ ಬಾಗಿಲು ತೆಗೆದೆ. ಒಂದೂ ಹಾರಲಿಲ್ಲ. ಹಾಳಾದವು, ನನ್ನ ಕೈಗೇ ಬಂದು ಕೂತವು.