ಗೋಡೆಯಾಚೆಯ ಮಾತು

ತೊಂಬತ್ತರ ದಶಕದ ಕೊನೆ. ಕೃಷ್ಣರಾಜಪುರದ ಆ ವಠಾರದಲ್ಲಿ ನಮಗೂ ಪಕ್ಕದ ಮನೆಯವರಿಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ. ಆಚೆ ಕೆಮ್ಮಿದರೆ ಈಚೆ ಕೇಳುತ್ತಿತ್ತು. ಹಾಗಾಗಿ ಪಿಯುಸಿ ಓದುತ್ತಿದ್ದ ನನ್ನ ತಂಗಿ, "ಅವ್ರು ದಿನವೆಲ್ಲ ನನ್ನ ವಿಷ್ಯಾನೇ ಆಡ್ಕೋತಾರೆ" ಎಂದು ಅತ್ತಾಗ ನಾವು ಒಪ್ಪಿಬಿಟ್ಟೆವು. ಅಮ್ಮ ಸೆರಗು ಸಿಕ್ಕಿಸಿಕೊಂಡು ಹೋಗಿ ಪಕ್ಕದ ಮನೆಯ ಗುಲ್ಬರ್ಗದ ಹೆಂಗಸಿನ ಜನ್ಮ ಜಾಲಾಡಿ ಬಂದಳು. ಆಕೆ ಆಣೆ ಮಾಡಿದರೂ ನಂಬಲಿಲ್ಲ.

ತಂಗಿ ಕಾಲೇಜು ಬಿಟ್ಟಳು, ಸ್ನಾನ ಬಿಟ್ಟಳು. ಉಣ್ಣುತ್ತಿದ್ದವಳು ತುತ್ತು ಕೈಯಲ್ಲೇ ಹಿಡಿದು ಗೋಡೆಯ ಕಡೆ ಕಿವಿಗೊಡುತ್ತಿದ್ದಳು.

ಎಳ್ಳಮಾವಾಸ್ಯೆಗೆ ಪಕ್ಕದವರು ಊರಿಗೆ ಹೋದರು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಮರುದಿನ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ತಂಗಿ ಎದ್ದು ಗೋಡೆಗೆ ಧಬಧಬ ಗುದ್ದಿದಳು.

"ಬಾಯ್ಮುಚ್ಚಿ! ಸಾಕು ಮಾಡಿ!"

ನಾನು ಮೊರ ಕೆಳಗಿಟ್ಟು ಎದ್ದೆ. ಆಚೆ ಯಾರೂ ಇರಲಿಲ್ಲ.

ಅವಳನ್ನು ಹೊರಗೆ ಕರೆತಂದು ಪಕ್ಕದ ಬಾಗಿಲ ಬೀಗ ತೋರಿಸಿದೆ. ಅವಳು ಬೀಗ ಎಳೆದು ನೋಡಿದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಯಾರಕ್ಕಾ ಮಾತಾಡ್ತಿರೋದು?"

ಅಷ್ಟು ಹೆದರಿದ್ದು ನಾನು ಬೇರೆ ಯಾವತ್ತೂ ಇಲ್ಲ.

ಡಾಕ್ಟರಿಗೆ ತೋರಿಸೋಣ ಅಂದರೆ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹುಚ್ಚಿನ ಡಾಕ್ಟ್ರ ಹತ್ರ ಹೋದ್ಲು ಅಂತ ಗೊತ್ತಾದ್ರೆ ಇವಳನ್ನ ಯಾರೇ ಮದ್ವೆ ಆಗ್ತಾರೆ?"

"ಮದ್ವೆ ಹಾಳಾಗ್ಹೋಗ್ಲಿ, ಮೊದ್ಲು ಇವ್ಳು ಉಳೀಲಿ!" ಎಂದು ಕಿರುಚಿದೆ. ಅಮ್ಮನನ್ನು ಸರಿಸಿದ್ದು ಮಾತ್ರ ನಾನಲ್ಲ, ತಂಗಿ. "ದಾರಿ ಬಿಡಮ್ಮ. ನಂಗೆ ಭಯ ಆಗ್ತಿದೆ."

ಹಲಸೂರಿನ ಡಾಕ್ಟರಮ್ಮ ಅವಳ ಮಾತನ್ನು ಅಡ್ಡಿ ಮಾಡದೆ ಕೇಳಿದರು. "ಕೇಳಿಸೋದು ನಿಜಾನಾ ಅಂತ ಇನ್ನೂ ಇವಳಿಗೇ ಅನುಮಾನ ಇದೆ. ಈಗ್ಲೇ ಬಂದಿದ್ದು ಒಳ್ಳೇದಾಯ್ತು" ಎಂದರು. ಔಷಧಿ ಬರೆದುಕೊಟ್ಟು, ಅವಳು ಏನು ಕೇಳಿದರೂ ರೇಗದೆ ನಿಜ ಹೇಳಿ ಎಂದು ಕಳಿಸಿದರು.

ಪಕ್ಕದವರು ಮರಳಿದಾಗ ಅಮ್ಮ ಅವರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಎಲ್ಲ ಹೇಳಿದಳು. ಆಕೆ ಹಳೆಯ ಜಗಳ ಎತ್ತಲೇ ಇಲ್ಲ. ಊರಿಂದ ತಂದ ಸಜ್ಜೆ ರೊಟ್ಟಿ ಕೊಟ್ಟಳು. ಅಂದಿನಿಂದ ದನಿ ಕೇಳಿದಾಗಲೆಲ್ಲ ತಂಗಿ ಅಲ್ಲಿಗೇ ಹೋಗುತ್ತಿದ್ದಳು.

"ಈಗ ನನ್ನ ಬಗ್ಗೆ ಮಾತಾಡಿದ್ರಾ?"

"ಇಲ್ಲವ್ವ."

ತಿಂಗಳುಗಟ್ಟಲೆ ಇದೇ. ಮನೆಯವರಾದ ನಮಗೇ ಸಾಕಾಗುತ್ತಿತ್ತು, ಆಕೆಗೆ ಸಾಕಾಗಲಿಲ್ಲ.

ಒಂದು ಬೆಳಿಗ್ಗೆ ತಂಗಿ ಕಾಲೇಜಿನ ಬ್ಯಾಗು ಹೆಗಲಿಗೆ ಹಾಕಿಕೊಂಡವಳು ಥಟ್ಟನೆ ನಿಂತಳು. ಗೋಡೆಯ ಕಡೆ ಕಿವಿಗೊಟ್ಟಳು. ಅವಳು ಪಕ್ಕದ ಬಾಗಿಲಿಗೆ ಹೋಗಿ ಅದನ್ನೇ ಕೇಳಿದಳು.

"ಹೂಂನವ್ವ, ಈಗ ನಿಂದೇ ಮಾತಾಡಿದ್ವಿ. ನಮ್ಮ ಹುಡುಗಿ ಮತ್ತ ಕಾಲೇಜಿಗೆ ಹೊಂಟಾಳ ಅಂತ."

ತಂಗಿ ತಿರುಗಿ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಈ ಸಲ ಗೋಡೆಯಾಚೆಯ ಮಾತು ನನಗೂ ಕೇಳಿಸಿತ್ತು.