ನಿದ್ದೆಯಲ್ಲಿ ಕಡಿದ ಹಲ್ಲು

ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ. ಗಂಡ ರಾತ್ರಿ ಕಡಲೆಕಾಯಿ ಹೊಲ ಕಾಯಲು ಹೋಗುತ್ತಿದ್ದುದರಿಂದ ನಡುಮನೆಯಲ್ಲಿ ನಾನೂ ಅತ್ತೆಯೂ ಅಕ್ಕಪಕ್ಕ ಮಲಗುತ್ತಿದ್ದೆವು. ಒಂದು ಬೆಳಿಗ್ಗೆ ಅಂಗಳಕ್ಕೆ ಸಗಣಿನೀರು ಹಾಕುತ್ತಾ ಅತ್ತೆ ಕೇಳಿದರು:

"ಲೇ ಹುಡುಗಿ, ಅದೇನೇ ಅದು, ಕರಕರಾಂತ ಹಲ್ಲು ಕಡೀತೀಯ? ಯಾರ ಮೇಲೆ ಸಿಟ್ಟು ನಿಂಗೆ?"

ಯಾರ ಮೇಲೂ ಸಿಟ್ಟಿರಲಿಲ್ಲ. ನನಗೆ ಅಮ್ಮ ಬೇಕಾಗಿದ್ದಳು, ಅಷ್ಟೇ. ಅಪ್ಪ ತೀರಿಕೊಂಡಿದ್ದರು, ಅಣ್ಣತಮ್ಮಂದಿರು ಯಾರೂ ಇಲ್ಲ. ಪಾವಗಡದ ಆಚೆ ಒಂದು ಹಳ್ಳಿಯಲ್ಲಿ ಅಮ್ಮ ಒಬ್ಬಳೇ. ಸೊಸೆಯನ್ನು ತವರಿಗೆ ಕಳಿಸಬೇಕಾದರೆ ತವರಿನ ಗಂಡಸು ಬಂದು ಕರೆಯಬೇಕು ಎಂಬುದು ಅತ್ತೆಯ ಕಟ್ಟುನಿಟ್ಟು. ಇಲ್ಲದ ಗಂಡಸನ್ನು ನಾನೆಲ್ಲಿಂದ ತರಲಿ? ಎಂಟು ತಿಂಗಳು ಅಮ್ಮನ ಮುಖ ನೋಡದೆ ಕಳೆದೆ.

ಬೆಳಿಗ್ಗೆ ಏಳುವಾಗ ಕಿವಿಯ ಮುಂದೆ ನೋವು, ಕೆನ್ನೆ ಬಿಗಿ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವುದಕ್ಕಾದರೂ ಬಾಯಿ ತೆರೆಯಬೇಕಲ್ಲ! ನನ್ನ ದವಡೆ ಎರಡು ಬೆರಳಗಲವೂ ತೆರೆಯುತ್ತಿರಲಿಲ್ಲ. ಹುಣಿಸೆಬೀಜದಷ್ಟು ಚೂರು ಮುರಿದು ತುಟಿಯೊಳಗೆ ತೂರಿಸುತ್ತಿದ್ದೆ. "ನಮ್ಮನೆ ಮುದ್ದೆ ಸೇರಲ್ವಾ ನಿಂಗೆ?" ಎಂದು ಅತ್ತೆಗೆ ಬೇಜಾರು.

ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಎಂದು ಊರೆಲ್ಲ ನಂಬಿದ ಕಾಲ ಅದು. ಮೂರು ದಿನ ಬೇವಿನ ಕಷಾಯ, ನಾಲ್ಕನೆಯ ದಿನ ಹರಳೆಣ್ಣೆ. ಅಯ್ಯೋ ಶಿವನೇ, ಆ ನಾಲ್ಕನೆಯ ದಿನದ ಸುದ್ದಿ ಬೇಡ. ಹುಳವೂ ಬೀಳಲಿಲ್ಲ, ಹಲ್ಲಿನ ಸದ್ದೂ ನಿಲ್ಲಲಿಲ್ಲ.

ಕೊನೆಗೆ ಮಾವನವರು ನನ್ನ ಅಮ್ಮನಿಗೆ ಒಂದು ಕಾರ್ಡು ಬರೆದರು. 'ನಿಮ್ಮ ಮಗಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಇದು ಮೊದಲಿನಿಂದಲೂ ಇತ್ತೆ?' ಅಷ್ಟೇ ಒಕ್ಕಣೆ. ರೋಗ ಮುಚ್ಚಿಟ್ಟು ಮದುವೆ ಮಾಡಿದಳು ಎಂದು ಅಮ್ಮನ ಮೇಲೆ ದೂರು ಬಂದರೆ? ನಾನು ಹಾಳಾಗಿ ಹೋಗಲಿ, ಅವಳ ಮಾನ ಹೋಗಬಾರದು.

ನಮ್ಮ ತವರಿನ ಮಾತು ತೆಲುಗು; ಅಮ್ಮನಿಗೆ ಓದು ಬಾರದು, ಕನ್ನಡವೂ ಅರೆಬರೆ. ಪಕ್ಕದ ಮನೆಯವರು ಕಾರ್ಡು ಓದಿ ತೆಲುಗಿನಲ್ಲಿ ಹೇಳಿದರಂತೆ: "ನೀ ಕೂತುರು ನಿದ್ರಲೋ ಪಂಡ್ಲು ಕೊರುಕುತಾ ಉಂದಂಟ." ಕೊರುಕುವುದು ಎಂದರೆ ಕಚ್ಚುವುದು; ಆ ಸೀಮೆಯ ತೆಲುಗಿನಲ್ಲಿ ಪಂಡ್ಲು ಎಂದರೆ ಹಲ್ಲೂ ಹೌದು, ಹಣ್ಣೂ ಹೌದು. ಬೇರೆಯವರಾಗಿದ್ದರೆ ಹಲ್ಲು ಎಂದೇ ತಿಳಿಯುತ್ತಿದ್ದರು. ಮೊಮ್ಮಗುವಿನ ಆಸೆ ಇಟ್ಟುಕೊಂಡು ಕೂತವಳ ಕಿವಿಗೆ ಹಣ್ಣೇ ಕೇಳಿಸಿತು. ನಿದ್ದೆಯಲ್ಲೂ ಹಣ್ಣು ಕಚ್ಚುವಷ್ಟು ಬಯಕೆಯೆಂದರೆ ಮಗಳು ಬಸುರಿಯಲ್ಲದೆ ಇನ್ನೇನು?

ಯುದ್ಧದ ಕಾಲ, ಇದ್ದಿಲಿನ ಬಸ್ಸು. ಏರು ಬಂದಾಗಲೆಲ್ಲ ಇಳಿದು ನಡೆದು, ಮೈಯೆಲ್ಲ ಮಸಿ ಮಾಡಿಕೊಂಡು, ತಲೆಯ ಮೇಲೆ ಸೀತಾಫಲದ ಬುಟ್ಟಿ ಹೊತ್ತು ಅಮ್ಮ ಬಾಗಿಲಲ್ಲಿ ನಿಂತಳು. ಉಸಿರು ಬಿಡುವ ಮೊದಲೇ ಅತ್ತೆಯನ್ನು ಕೇಳಿದಳು: "ಎನ್ನೋ ನೆಲಮ್ಮಾ?"

ಎಷ್ಟನೇ ತಿಂಗಳು ಎಂದು ಅವಳ ಪ್ರಶ್ನೆ. ಅತ್ತೆ ಕೊರಟಗೆರೆ ಕಡೆಯವರು, ತೆಲುಗು ಒಂದಕ್ಷರ ತಿಳಿಯದು. ಕಾಲ ಕೆಳಗೆ ನೋಡಿದರು. "ನೆಲಾನಾ? ಈಗಿನ್ನೂ ಸಾರಿಸೀವ್ನಿ ಕಣಮ್ಮ, ಕುಂತ್ಕೋ."

ನಾನು ಓಡಿಹೋಗಿ ಅಮ್ಮನನ್ನು ಅಪ್ಪಿಕೊಂಡೆ. ನಗುವೋ ಅಳುವೋ ತಿಳಿಯಲಿಲ್ಲ. ಬಸುರಿಲ್ಲ, ಬರೀ ಹಲ್ಲು ಎಂದು ಹೇಳುವಾಗ ಅವಳ ಮುಖ ಸಣ್ಣಗಾಯಿತು. ಅಮ್ಮ ಬೇಗನೆ ಸುಧಾರಿಸಿಕೊಂಡು, ಹೆಬ್ಬೆರಳಿನಿಂದ ನನ್ನ ದವಡೆ ಒತ್ತಿ ನೋಡಿದಳು.

"ರಾಗಿ ಬೀಸುವಾಗ ಪಾಟ ಹೇಳಲ್ವಾ ನೀನು? ನಮ್ಮನೇಲಿ ಬಾಯಿ ಮುಚ್ಚಿದ್ದೇ ಇಲ್ಲ!"

"ಇಲ್ಲಿ ತೆಲುಗು ಪಾಟ ಹೇಳಿದರೆ ನಗ್ತಾರೆ," ಎಂದೆ. ನಿಜ ಅದು. ಮೊದಲ ವಾರವೇ ನನ್ನ ಹಾಡು ಕೇಳಿ ಓರಗಿತ್ತಿಯರು ನಕ್ಕಿದ್ದರು. ಅಂದಿನಿಂದ ನಾನು ಹಲ್ಲು ಕಚ್ಚಿಕೊಂಡೇ ಬೀಸುತ್ತಿದ್ದೆ, ಕಚ್ಚಿಕೊಂಡೇ ನೀರು ಸೇದುತ್ತಿದ್ದೆ. ಹಗಲೆಲ್ಲ ಬಿಗಿಹಿಡಿದದ್ದು ನಿದ್ದೆಯಲ್ಲಿ ಸದ್ದು ಮಾಡುತ್ತಿತ್ತು.

"ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದೆ ಇರಲಿ," ಎಂದಳು ಅಮ್ಮ. ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿ ಮಾಡಿ ಎರಡು ಕೆನ್ನೆಗೂ ಶಾಖ ಕೊಟ್ಟಳು. ಅತ್ತೆ ಪಕ್ಕದಲ್ಲೇ ಕೂತು ನೋಡುತ್ತಿದ್ದರು.

ಮಧ್ಯಾಹ್ನ ಉಂಡ ಮೇಲೆ ಅಮ್ಮ ದಣಿವಿಗೆ ಹಾಗೇ ನಡುಮನೆಯಲ್ಲಿ ಒರಗಿದಳು. ನಾನು ಪಕ್ಕದಲ್ಲಿ ಕೂತು ಸೀತಾಫಲ ಬಿಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕರಕರ ಸದ್ದು. ಇಲಿಯೇನೋ ಎಂದು ಮೂಲೆ ನೋಡಿದೆ. ಅಮ್ಮನ ದವಡೆ ಆಡುತ್ತಿತ್ತು. ಅರೆತೆರೆದ ತುಟಿಯೊಳಗೆ ಅವಳ ಹಲ್ಲುಗಳು ಸವೆದು ಮಟ್ಟಸವಾಗಿದ್ದವು. ರಾಗಿ ಕೇರುತ್ತಿದ್ದ ಅತ್ತೆಯ ಮೊರವೂ ನಿಂತಿತು.

ಎಚ್ಚರವಾದ ಮೇಲೆ ಕೇಳಿದೆ: "ಅಮ್ಮಾ, ನೀನೂ ಹಲ್ಲು ಕಡೀತೀಯಲ್ಲ, ಎಷ್ಟು ದಿನದಿಂದ?"

"ನೇನಾ? ನಾನಾ?" ಅವಳಿಗೆ ನಿಜವಾಗಿಯೂ ಆಶ್ಚರ್ಯ. "ನಾಕೆವರು ಚೆಪ್ತಾರು ತಲ್ಲೀ? ಪಕ್ಕದಲ್ಲಿ ಯಾರಿದಾರೆ ನಂಗೆ ಹೇಳೋಕೆ?"

ಅತ್ತೆ ಮೊರ ಕೆಳಗಿಟ್ಟು ಎದ್ದರು. "ಲೇ, ಸೀರೆ ಗಂಟು ಕಟ್ಕ. ನಾಳೆ ಬಸ್ಸಿಗೆ ನಿಮ್ಮವ್ವನ ಜೊತೆ ಹೋಗಿ ಒಂದು ತಿಂಗಳು ಇದ್ದು ಬಾ. ಕರೆಯಕ್ಕೆ ಗಂಡಸೇ ಬರ್ಬೇಕು ಅಂತ ಯಾವನ್ ಹೇಳ್ದ?" ಹೇಳಿದ್ದು ಅವರೇ. ನಾನು ತೆಪ್ಪಗೆ ಗಂಟು ಕಟ್ಟಿದೆ.

ಆ ಒಂದು ತಿಂಗಳು ಅಮ್ಮನ ಮಗ್ಗುಲಲ್ಲಿ ಮಲಗಿದೆ. ದಿನವೂ ಇಬ್ಬರೂ ಒಬ್ಬರಿಗೊಬ್ಬರು ಶಾಖ ಕೊಟ್ಟುಕೊಂಡೆವು, ಬೀಸುಕಲ್ಲಿನ ಮುಂದೆ ಗಂಟಲು ಹರಿಯುವಂತೆ ಹಾಡಿದೆವು. ನನ್ನ ಬಾಯಿ ಸಲೀಸಾಗಿ ತೆರೆಯತೊಡಗಿತು. ಅಮ್ಮನ ಸದ್ದೂ ನಿಂತಿತು. ಆಮೇಲೆ ನಾನು ಮಧುಗಿರಿಗೆ ವಾಪಸು ಬಂದೆ.

ಬಂದವಳೇ ಮಾವನವರ ಕೈಯಲ್ಲಿ ಕಾರ್ಡು ಬರೆಸಿದೆ, ಈಗ ನಿನ್ನ ಹಲ್ಲು ಹೇಗಿದೆ ಎಂದು. ಅಮ್ಮ ಬರೆಸಿದ ಉತ್ತರ ಬಂತು: 'ಗೊತ್ತಿಲ್ಲಮ್ಮ.'